ರೆಫರಿ ದುಡ್ಡು ತಿಂದನಾ? ಫುಟ್‌ಬಾಲ್ ಫಿಕ್ಸಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನವ. ಸುಮಾರು ಹನ್ನೆರಡು ವರ್ಷ ಇಲ್ಲಿನ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಟೂರ್ನಮೆಂಟ್‌ಗಳಿಗೆ, ಶಾಲೆ ಮಕ್ಕಳ ಮ್ಯಾಚ್‌ಗಳಿಗೆ ವಿಸಿಲ್ ಊದಿದ್ದೇನೆ. ಈಗ ಮೊಣಕಾಲು ಕೈಕೊಟ್ಟಿದೆ, ಹಾಗಾಗಿ ನೋಡುವುದು ಮತ್ತು ಮಾತಾಡುವುದು ಅಷ್ಟೇ ಉಳಿದಿದೆ. ದೊಡ್ಡ ಮ್ಯಾಚ್ ಮುಗಿದ ಮರುದಿನ ಹೋಟೆಲಿಗೆ ಹೋದರೆ ಗೋಳಿಬಜೆ ಮುರಿಯುವ ಮೊದಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: "ನಿನ್ನೆದು ಫಿಕ್ಸ್ ಅಲ್ವಾ?" ಹೇಳಿದ್ದನ್ನೇ ಹೇಳಿ ಸಾಕಾಯ್ತು. ಅದಕ್ಕೇ ಬರೆದಿಟ್ಟಿದ್ದೇನೆ.

ಫುಟ್‌ಬಾಲ್‌ನಲ್ಲಿ ಫಿಕ್ಸಿಂಗ್ ನಿಜವಾಗಿ ನಡೆಯುತ್ತದಾ, ಅಥವಾ ಸೋತವರ ಗೋಳಾ?

ನಡೆಯುತ್ತದೆ. ಮೊನ್ನೆ ಮೊನ್ನೆ ಶುರುವಾದದ್ದೂ ಅಲ್ಲ. 1915ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಲಿವರ್‌ಪೂಲ್ ಆಟಗಾರರು ಸೇರಿಕೊಂಡು ಮ್ಯಾಚ್ 2-0 ಆಗುವ ಹಾಗೆ ನೋಡಿಕೊಂಡರು, ಆ ಸ್ಕೋರಿನ ಮೇಲೆ ಬೆಟ್ ಕಟ್ಟಿದ್ದರು. ಏಳು ಆಟಗಾರರಿಗೆ ಆಜೀವ ನಿಷೇಧವಾಯಿತು. ಹತ್ತಿರ ಹತ್ತಿರ ನೂರು ವರ್ಷ ಮುಂದೆ ಬಂದರೆ, 2013ರ ಫೆಬ್ರವರಿಯಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಸುಮಾರು 680 ಮ್ಯಾಚ್‌ಗಳ ಮೇಲೆ ಸಂಶಯ ಇದೆ ಎಂದು ಹೇಳಿತು. ಅದರಲ್ಲಿ 380 ಯುರೋಪಿನಲ್ಲೇ ನಡೆದದ್ದು.

ಆದರೆ ಫಿಕ್ಸಿಂಗ್ ಇದೆ ಅನ್ನುವುದು ಬೇರೆ, ನಿನ್ನೆ ನೀವು ನೋಡಿದ ಮ್ಯಾಚ್ ಫಿಕ್ಸ್ ಆಗಿತ್ತು ಅನ್ನುವುದು ಬೇರೆ. ನನ್ನ ಜಗಳ ಎಲ್ಲ ಈ ಎರಡರ ನಡುವಿನದ್ದು.

ರೆಫರಿಯೇ ದುಡ್ಡು ತೆಗೆದುಕೊಂಡದ್ದು ಎಲ್ಲಾದರೂ ಸಾಬೀತಾಗಿದೆಯಾ?

ಆಗಿದೆ. ಜರ್ಮನಿಯ ರಾಬರ್ಟ್ ಹೋಯ್ಜರ್ ಕತೆ ಕೇಳಿ. 2004ರ ಆಗಸ್ಟ್, ಜರ್ಮನ್ ಕಪ್ ಮ್ಯಾಚ್. ಒಂದು ಕಡೆ ದೊಡ್ಡ ತಂಡ ಹ್ಯಾಂಬರ್ಗ್, ಇನ್ನೊಂದು ಕಡೆ ಕೆಳಗಿನ ಡಿವಿಷನ್‌ನ ಪಾಡರ್‌ಬಾರ್ನ್. ಹ್ಯಾಂಬರ್ಗ್ 2-0 ಮುಂದಿತ್ತು. ಆಮೇಲೆ ಅವರ ಸ್ಟ್ರೈಕರ್ ಎಂಪೆನ್ಜಾಗೆ ರೆಡ್ ಕಾರ್ಡ್, ಪಾಡರ್‌ಬಾರ್ನ್‌ಗೆ ಎರಡು ಪೆನಾಲ್ಟಿ. ಕೊನೆಗೆ ಪಾಡರ್‌ಬಾರ್ನ್ 4-2ರಲ್ಲಿ ಗೆದ್ದಿತು. ನೋಡಿದವರೆಲ್ಲ ಬೈದರು, ಹ್ಯಾಂಬರ್ಗ್ ಕೋಚ್ ಕೆಲಸವೂ ಹೋಯಿತು, ಅಷ್ಟರಲ್ಲಿ ಜನ ಮರೆತರು. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಅವನ ಜೊತೆಗಿದ್ದ ನಾಲ್ವರು ರೆಫರಿಗಳೇ ಸಂಶಯ ಬಂದು ದೂರು ಕೊಟ್ಟರು. 2005ರ ಜನವರಿಯಲ್ಲಿ ಬಾಯಿಬಿಟ್ಟ. ಬರ್ಲಿನ್‌ನ ಬೆಟ್ಟಿಂಗ್ ಗುಂಪೊಂದು ಅವನಿಗೆ ಕೊಟ್ಟದ್ದು 67,000 ಯುರೋ ಮತ್ತು ಒಂದು ಪ್ಲಾಸ್ಮಾ ಟಿವಿ. ಎರಡು ವರ್ಷ ಐದು ತಿಂಗಳು ಜೈಲು ಶಿಕ್ಷೆ. (ಆ ಟಿವಿ ಯಾಕೋ ನನ್ನ ತಲೆಯಿಂದ ಹೋಗುವುದಿಲ್ಲ. ಬದುಕಿಡೀ ಕಟ್ಟಿಕೊಂಡ ಹೆಸರು, ಅದರ ಮೇಲೆ ಒಂದು ಟಿವಿ ಫ್ರೀ.)

ಅದೇ 2005ರಲ್ಲಿ ಬ್ರೆಜಿಲ್‌ನಲ್ಲಿ ಎಡಿಲ್ಸನ್ ಪೆರೇರಾ ಎಂಬ ರೆಫರಿ ಸಿಕ್ಕಿಬಿದ್ದ. ಅವನು ನಡೆಸಿದ 11 ಲೀಗ್ ಮ್ಯಾಚ್‌ಗಳನ್ನು ರದ್ದು ಮಾಡಿ ಮತ್ತೆ ಆಡಿಸಿದರು. ಮರು ಆಟದಲ್ಲಿ ಕೊರಿಂಥಿಯನ್ಸ್‌ಗೆ ಮೊದಲು ಸೋತಿದ್ದ ಎರಡು ಮ್ಯಾಚ್‌ಗಳಿಂದ ನಾಲ್ಕು ಪಾಯಿಂಟ್ ಹೆಚ್ಚು ಸಿಕ್ಕಿತು, ಕೊನೆಗೆ ಚಾಂಪಿಯನ್ ಆದದ್ದು ಮೂರು ಪಾಯಿಂಟ್ ಅಂತರದಲ್ಲಿ. ಎರಡನೆಯ ಸ್ಥಾನ ಪಡೆದ ಇಂಟರ್‌ನ್ಯಾಷನಲ್ ತಂಡದವರ ಹತ್ತಿರ ಇವತ್ತಿಗೂ ಆ ಮಾತು ಎತ್ತಬಾರದು. ಚೀನಾದಲ್ಲಿ ಲು ಜುನ್‌ಗೆ 'ಚಿನ್ನದ ವಿಸಿಲ್' ಎಂದೇ ಹೆಸರಿತ್ತು, 2002ರ ವಿಶ್ವಕಪ್‌ನಲ್ಲೂ ರೆಫರಿ ಆಗಿದ್ದವನು. 2012ರಲ್ಲಿ ಲಂಚದ ಕೇಸಿನಲ್ಲಿ ಐದೂವರೆ ವರ್ಷ ಜೈಲಾಯಿತು.

2002ರ ವಿಶ್ವಕಪ್‌ನ ಇಟಲಿ-ಕೊರಿಯಾ ಮ್ಯಾಚ್? ಅದು ಪಕ್ಕಾ ಫಿಕ್ಸ್ ಅಲ್ವಾ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಜೂನ್ 18, ನಮಗೆ ಸಂಜೆ 5 ಗಂಟೆಗೆ ಶುರು. ಹೊರಗೆ ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಒಮ್ಮೆ ಕರೆಂಟ್ ಬಂದಾಗ ಇಟಲಿಯ ಟೊಟ್ಟಿ ಮೈದಾನದಿಂದ ಹೊರಗೆ ನಡೆಯುತ್ತಿದ್ದ. ಪೆನಾಲ್ಟಿಗಾಗಿ ಬೇಕಂತ ಬಿದ್ದ ಎಂದು ಈಕ್ವೆಡಾರ್‌ನ ರೆಫರಿ ಬೈರಾನ್ ಮೊರೆನೊ ಎರಡನೆಯ ಹಳದಿ ಕಾರ್ಡ್ ತೋರಿಸಿದ್ದ. ಆಮೇಲೆ ಇಟಲಿಯ ತೊಮ್ಮಾಸಿ ಹೊಡೆದ ಗೋಲನ್ನು ಆಫ್‌ಸೈಡ್ (ಪಾಸ್ ಕೊಡುವ ಹೊತ್ತಿಗೆ ಎದುರಾಳಿಯ ಡಿಫೆಂಡರ್‌ಗಳನ್ನು ದಾಟಿ ನಿಂತದ್ದು) ಅಂತ ತೆಗೆದರು, ಅದು ಆಫ್‌ಸೈಡ್ ಆಗಿರಲಿಲ್ಲ. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಕೊರಿಯಾದ ಆನ್ ಜಂಗ್-ಹ್ವಾನ್ ಗೋಲ್ಡನ್ ಗೋಲು (ಮೊದಲು ಹೊಡೆದವರಿಗೇ ಮ್ಯಾಚ್), ಇಟಲಿ ಮನೆಗೆ. ನಾಲ್ಕು ದಿನ ಬಿಟ್ಟು ಕೊರಿಯಾ ಎದುರು ಸ್ಪೇನ್‌ಗೂ ಹಾಗೇ ಆಯಿತು, ಎರಡು ಗೋಲು ರದ್ದು, ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲು. ಬೇರೆ ರೆಫರಿ, ಈಜಿಪ್ಟ್‌ನವರು.

ಮೊರೆನೊ ಮುಂದೆ ಏನಾದ ಎಂಬುದು ಸಂಶಯಕ್ಕೆ ಇನ್ನೂ ತುಪ್ಪ ಸುರಿಯಿತು. ಅದೇ ವರ್ಷ ತನ್ನ ದೇಶದ ಲೀಗಿನಲ್ಲಿ ಹೆಚ್ಚುವರಿ ಆರು ನಿಮಿಷ ಎಂದು ತೋರಿಸಿ ಅದರ ಎರಡರಷ್ಟು ಆಡಿಸಿ, ಹಿಂದೆ ಇದ್ದ ಕೀಟೊ ತಂಡ ಗೆಲ್ಲುವ ತನಕ ಬಿಟ್ಟ ಎಂದು 20 ಮ್ಯಾಚ್ ನಿಷೇಧ. ಆಗ ಅವನು ಕೀಟೊ ನಗರಸಭೆ ಚುನಾವಣೆಗೆ ನಿಂತಿದ್ದ! 2010ರಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಹೆರಾಯಿನ್ ಜೊತೆ ಸಿಕ್ಕಿಬಿದ್ದ.

ಇಷ್ಟೆಲ್ಲ ಇದ್ದೂ, ಕೊರಿಯಾ ಮ್ಯಾಚ್‌ಗೆ ಅವನು ದುಡ್ಡು ಪಡೆದದ್ದು ಸಾಬೀತಾಗಿಲ್ಲ. ಎಂಟು ವರ್ಷ ಬಿಟ್ಟು ಮಾಡಿದ ಅಪರಾಧ ಹಿಂದಕ್ಕೆ ಹೋಗಿ ಆ ಸಂಜೆಗೆ ಸಾಕ್ಷಿ ಹೇಳುವುದಿಲ್ಲ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಶುರುವಿನಲ್ಲೇ ಕೊರಿಯಾದ ಪೆನಾಲ್ಟಿಯನ್ನು ಇಟಲಿ ಗೋಲಿ ಬುಫೊನ್ ತಡೆದಿದ್ದ, 88ನೇ ನಿಮಿಷದ ತನಕ ಇಟಲಿ 1-0 ಮುಂದಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಕೆಟ್ಟ ರೆಫರಿ ಮತ್ತು ಕಿವಿಗಡಚಿಕ್ಕುವ ಸ್ಟೇಡಿಯಂ, ಎರಡೂ ಸೇರಿತು. ನನ್ನ ತಮ್ಮ ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ಟಿವಿಯಲ್ಲಿ ಕಣ್ಣಿಗೆ ಕಾಣುತ್ತದೆ ಮಾರಾಯ್ರೆ, ಅದಕ್ಕಿಂತ ಸಾಕ್ಷಿ ಬೇಕಾ?

ಬೇಕು. ಕಂಬಳಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಕರೆಯ (ಕೋಣ ಓಡುವ ಗದ್ದೆಯ) ಬದಿಯಲ್ಲಿ ನಿಂತು ನೋಡುವವನಿಗೆ ಯಾವ ಜೋಡಿ ಮೊದಲು ಮಂಜೊಟ್ಟಿ (ಓಟ ಮುಗಿಯುವ ಜಾಗ) ಮುಟ್ಟಿತು ಅಂತ ಗ್ಯಾರಂಟಿ ಇರುತ್ತದೆ, ಎದುರು ಬದಿಯವನಿಗೂ ಅಷ್ಟೇ ಗ್ಯಾರಂಟಿ ಇರುತ್ತದೆ, ಆದರೆ ಅವನು ಹೇಳುವುದು ಇನ್ನೊಂದು ಜೋಡಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗೆರೆಗೆ ನೇರವಾಗಿ ನಿಲ್ಲದವನ ಕಣ್ಣು ಅವನಿಗೇ ಮೋಸ ಮಾಡುತ್ತದೆ. ಅದಕ್ಕೇ ಅಲ್ಲಿ ಲೇಸರ್ ಬಂದದ್ದು. ಆಫ್‌ಸೈಡ್ ಕೂಡ ಹೀಗೇ. ಟಿವಿಯ ಮುಖ್ಯ ಕ್ಯಾಮೆರಾ ಮೈದಾನದ ನಡುವಿನಿಂದ ಓರೆಯಾಗಿ ನೋಡುತ್ತದೆ.

ನನ್ನದೇ ಒಂದು ಹೇಳುತ್ತೇನೆ. ಉಳ್ಳಾಲ ಕಡೆ ಒಂದು ಸೆವೆನ್ಸ್ ಸೆಮಿಫೈನಲ್, ಸಂಜೆ, ಸಮುದ್ರದ ಕಡೆಯಿಂದ ಬಿಸಿಲು ನೇರ ಮುಖಕ್ಕೆ. ಚೆಂಡು ಡಿಫೆಂಡರ್‌ನ ಭುಜಕ್ಕೆ ಬಡಿಯಿತು, ನನಗೆ ಕೈ ಅಂತ ಕಂಡಿತು, ಪೆನಾಲ್ಟಿ ಕೊಟ್ಟೆ. ಸೋತ ತಂಡದ ಹುಡುಗನೊಬ್ಬ ರಾತ್ರಿ ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದ. ಭುಜವೇ. ತಪ್ಪು ನನ್ನದೇ. ಆದರೆ ಅವನು ಕೇಳಿದ್ದು "ಯಾಕೆ ತಪ್ಪಿತು" ಅಂತಲ್ಲ, "ಎಷ್ಟು ಸಿಕ್ಕಿತು" ಅಂತ. ಅವತ್ತು ನನಗೆ ಸಿಕ್ಕಿದ್ದು 300 ರೂಪಾಯಿ ಮತ್ತು ಒಂದು ಬಿರಿಯಾನಿ ಪಾರ್ಸೆಲ್. ಸುಮ್ನೆ ನಕ್ಕೆ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸಾಬೀತಾದ ಕೇಸುಗಳನ್ನು ಒಂದೊಂದಾಗಿ ತೆಗೆದು ನೋಡಿ. ಸ್ಲೋ ಮೋಷನ್ ನೋಡಿ ಹಿಡಿದದ್ದು ಅಪರೂಪ. ಹಿಡಿದದ್ದು ಫೋನ್ ಕದ್ದಾಲಿಕೆಯಿಂದ, ಬೆಟ್ಟಿಂಗ್ ದರ ಏಕಾಏಕಿ ಬದಲಾದದ್ದರಿಂದ, ಒಳಗಿನವರೇ ಬಾಯಿಬಿಟ್ಟದ್ದರಿಂದ. ಫ್ರಾನ್ಸ್‌ನಲ್ಲಿ 1993ರಲ್ಲಿ ಮಾರ್ಸೆ ತಂಡದವರು ಎದುರಾಳಿ ವಾಲೆನ್ಸಿಯೆನ್ ಆಟಗಾರರಿಗೆ ನಿಧಾನಕ್ಕೆ ಆಡಿ ಎಂದು ದುಡ್ಡು ಕೊಟ್ಟಿದ್ದರು. ಗ್ಲಾಸ್‌ಮನ್ ಎಂಬ ಒಬ್ಬ ಆಟಗಾರ ಬೇಡ ಅಂದ, ಹೊರಗೆ ಹೇಳಿದ. ಆಮೇಲೆ 2,50,000 ಫ್ರಾಂಕ್ ನೋಟು ಇನ್ನೊಬ್ಬ ಆಟಗಾರನ ಸಂಬಂಧಿಕರ ಮನೆಯ ತೋಟದಲ್ಲಿ ಹೂತಿಟ್ಟದ್ದು ಸಿಕ್ಕಿತು. ಆ ಮ್ಯಾಚ್ ಟಿವಿಯಲ್ಲಿ ನೂರು ಸಲ ನೋಡಿದರೂ ತೋಟದ ಗುಂಡಿ ಕಾಣುತ್ತಿರಲಿಲ್ಲ.

ವಿಎಆರ್ (ವಿಡಿಯೊ ನೋಡಿ ಮೈದಾನದ ರೆಫರಿಗೆ ನೆರವಾಗುವ ವ್ಯವಸ್ಥೆ) ಬಂದ ಮೇಲೂ ತಪ್ಪಾದರೆ ಅದು ಬೇಕಂತಲೇ ಮಾಡಿದ್ದಲ್ವಾ?

2023ರ ಸೆಪ್ಟೆಂಬರ್ 30, ಟಾಟೆನ್‌ಹ್ಯಾಮ್-ಲಿವರ್‌ಪೂಲ್. ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೊಡೆದ, ಲೈನ್ಸ್‌ಮನ್ ಆಫ್‌ಸೈಡ್ ಎಂದು ಧ್ವಜ ಎತ್ತಿದ. ವಿಎಆರ್ ರೂಮಿನಲ್ಲಿ ಕೂತವರು ಗೆರೆ ಎಳೆದು ನೋಡಿ ಆಫ್‌ಸೈಡ್ ಅಲ್ಲ ಅಂತ ಸರಿಯಾಗಿಯೇ ಕಂಡುಕೊಂಡರು. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದು ಅವರ ತಲೆಯಲ್ಲಿ ಕೂತಿತ್ತು! "ಚೆಕ್ ಮುಗಿಯಿತು" ಎಂದರು, ಮೈದಾನದಲ್ಲಿದ್ದ ರೆಫರಿ ಅದನ್ನು ಆಫ್‌ಸೈಡ್ ಅಂದುಕೊಂಡು ಆಟ ಮುಂದುವರಿಸಿದ. ಕೆಲವೇ ಸೆಕೆಂಡಿನಲ್ಲಿ ಎಡವಟ್ಟು ಗೊತ್ತಾಯಿತು, ಆದರೆ ಆಟ ಮತ್ತೆ ಶುರುವಾದ ಮೇಲೆ ಹಿಂದೆ ಹೋಗುವ ನಿಯಮ ಇಲ್ಲ. ಲಿವರ್‌ಪೂಲ್ 2-1ರಲ್ಲಿ ಸೋತಿತು.

ಆಮೇಲೆ ಅವರ ಮಾತುಕತೆಯ ಆಡಿಯೊ ಬಿಡುಗಡೆ ಮಾಡಿದರು. ಕೇಳಿ ನೋಡಿ, ಅದು ಮೋಸ ಮಾಡುವವರ ದನಿ ಅಲ್ಲ, ಬೆವರುತ್ತಿರುವವರ ದನಿ. ಆದರೂ ಸಂಶಯಕ್ಕೆ ಎಣ್ಣೆ ಹಾಕಿದ್ದು ಅವರೇ. ಎರಡು ದಿನ ಮೊದಲು ಅದೇ ವಿಎಆರ್ ರೆಫರಿ ಯುಎಇಗೆ ಹೋಗಿ ಅಲ್ಲಿನ ಮ್ಯಾಚೊಂದರ ರೆಫರಿ ತಂಡದಲ್ಲಿ ಕೆಲಸ ಮಾಡಿ ಬಂದಿದ್ದರು. ಇದು ಫಿಕ್ಸಿಂಗ್ ಅಲ್ಲ, ಆದರೆ ಇಂಥದ್ದಕ್ಕೆ ಯಾಕೆ ಬಿಟ್ಟರು ಅಂತ ಕೇಳಿದರೆ ನಾನೂ ನಿಮ್ಮ ಜೊತೆ ಕೇಳುತ್ತೇನೆ.

ರೆಫರಿಗಳು ಮನೆತಂಡದ ಕಡೆಗೆ ವಾಲುತ್ತಾರೆ ಅನ್ನುವುದು ನಿಜವಾ?

ನಿಜ. ಇಲ್ಲಿ ನಾನು ರೆಫರಿಗಳ ಪರ ವಾದ ಮಾಡುವುದಿಲ್ಲ.

ಇಂಗ್ಲೆಂಡಿನಲ್ಲಿ 40 ರೆಫರಿಗಳಿಗೆ ಒಂದು ಲಿವರ್‌ಪೂಲ್-ಲೆಸ್ಟರ್ ಮ್ಯಾಚಿನ ಟ್ಯಾಕಲ್‌ಗಳ ವಿಡಿಯೊ ತೋರಿಸಿದ್ದರು, ಸುಮಾರು ಅರ್ಧ ಜನರಿಗೆ ಪ್ರೇಕ್ಷಕರ ಗಲಾಟೆ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಗಲಾಟೆ ಕೇಳಿದವರು ಮನೆತಂಡದ ಮೇಲೆ ಕೊಟ್ಟ ಫೌಲ್ ಶೇ 15.5ರಷ್ಟು ಕಮ್ಮಿ. 2002ರಲ್ಲಿ ಪ್ರಕಟವಾದ ಅಧ್ಯಯನ ಇದು. ಸ್ಪೇನ್ ಲೀಗಿನ ಲೆಕ್ಕ ನೋಡಿದವರಿಗೆ ಇನ್ನೊಂದು ಕಂಡಿತು: ಮನೆತಂಡ ಒಂದು ಗೋಲು ಹಿಂದಿದ್ದರೆ ಹೆಚ್ಚುವರಿ ನಿಮಿಷ ಜಾಸ್ತಿ, ಮುಂದಿದ್ದರೆ ಕಮ್ಮಿ. ಕೊರೊನಾ ಸಮಯದಲ್ಲಿ ಖಾಲಿ ಸ್ಟೇಡಿಯಂಗಳಲ್ಲಿ ಆಡಿದಾಗ ಹೊರಗಿನ ತಂಡಕ್ಕೆ ಹಳದಿ ಕಾರ್ಡ್ ಜಾಸ್ತಿ ಬೀಳುವ ಚಾಳಿ ಕಮ್ಮಿಯಾಯಿತು.

ಒಬ್ಬರಿಗೂ ಯಾರೂ ಒಂದು ಪೈಸೆ ಕೊಟ್ಟಿರಲಿಲ್ಲ. ಕಿವಿಯೇ ವಿಸಿಲ್ ಊದಿಸುತ್ತದೆ. ನಾನೂ ಊದಿದ್ದೇನೆ. ಒಮ್ಮೆ ಸಂಘಟಕರೊಬ್ಬರು ಹೆಗಲ ಮೇಲೆ ಕೈ ಹಾಕಿ, "ನಮ್ಮ ಊರಿನ ಟೀಮ್ ಫೈನಲ್‌ಗೆ ಬಂದರೆ ಜನ ಸೇರ್ತಾರೆ, ಗೊತ್ತುಂಟಲ್ಲ" ಅಂದಿದ್ದರು. ಲಂಚ ಇಲ್ಲ, ಬೆದರಿಕೆ ಇಲ್ಲ, ನಗುತ್ತಾ ಹೇಳಿದ ಒಂದೇ ಮಾತು. ಎರಡನೆಯ ಹಾಫ್‌ನಲ್ಲಿ ಅವರ ಟೀಮಿನ ಪ್ರತಿ ಫೌಲ್‌ಗೂ ನನ್ನ ಕೈ ಅರ್ಧ ಸೆಕೆಂಡ್ ತಡವಾಗಿ ಏಳುತ್ತಿತ್ತು.

ದೊಡ್ಡ ಕ್ಲಬ್‌ಗಳಿಗೆ ಯಾವಾಗಲೂ ಅನುಕೂಲ ಅಲ್ವಾ?

ಇಟಲಿಯ 2006ರ ಹಗರಣ ಇದಕ್ಕೆ ಪಾಠ. ಯುವೆಂಟಸ್‌ ಕ್ಲಬ್ಬಿನ ಜನರಲ್ ಮ್ಯಾನೇಜರ್ ಲುಚಾನೊ ಮೊಜ್ಜಿ ಒಂದೊಂದು ಮ್ಯಾಚಿಗೆ ಹೋಗಿ ರೆಫರಿಗೆ ಕವರ್ ಕೊಡುವ ಆಸಾಮಿ ಅಲ್ಲ. ಯಾವ ಮ್ಯಾಚ್‌ಗೆ ಯಾವ ರೆಫರಿ ಹೋಗಬೇಕು ಎಂದು ತೀರ್ಮಾನಿಸುವವರ ಜೊತೆಗೇ ಫೋನಿನಲ್ಲಿ ಸಲಿಗೆ ಇಟ್ಟುಕೊಂಡಿದ್ದ. ಪೊಲೀಸರು ಆ ಫೋನ್ ಕೇಳಿಸಿಕೊಂಡಿದ್ದರು. ಯುವೆಂಟಸ್‌ನ ಎರಡು ಲೀಗ್ ಪ್ರಶಸ್ತಿ ಹೋಯಿತು, ತಂಡವನ್ನು ಕೆಳಗಿನ ಡಿವಿಷನ್‌ಗೆ ತಳ್ಳಿದರು. ಮಿಲಾನ್, ಫಿಯೊರೆಂಟಿನಾ, ಲಾಜಿಯೊ ತಂಡಗಳಿಗೂ ಪಾಯಿಂಟ್ ಕಡಿತ. ತಮಾಷೆ ಏನೆಂದರೆ ಇದೆಲ್ಲ ಹೊತ್ತಿ ಉರಿಯುತ್ತಿದ್ದ ಬೇಸಿಗೆಯಲ್ಲೇ ಇಟಲಿ ವಿಶ್ವಕಪ್ ಗೆದ್ದಿತು. ಮೊಜ್ಜಿಯ ಕ್ರಿಮಿನಲ್ ಕೇಸು 2015ರಲ್ಲಿ ಕಾಲಮಿತಿ ಮೀರಿ ಬಿದ್ದುಹೋಯಿತು. ಫುಟ್‌ಬಾಲ್‌ನಿಂದ ಮಾತ್ರ ಆಜೀವ ನಿಷೇಧ.

ಬಾರ್ಸಿಲೋನಾದ ನೆಗ್ರೇರಾ ಕೇಸೂ ಕೇಳುತ್ತಾರೆ. ಸ್ಪೇನ್‌ನ ರೆಫರಿ ಸಮಿತಿಯ ಉಪಾಧ್ಯಕ್ಷರಾಗಿದ್ದವರ ಕಂಪನಿಗಳಿಗೆ 2018ರ ತನಕ ವರ್ಷಗಟ್ಟಲೆ ಕ್ಲಬ್ ದುಡ್ಡು ಕೊಟ್ಟಿದೆ, ಒಟ್ಟು 70 ಲಕ್ಷ ಯುರೋಗೂ ಮೇಲೆ. 2023ರಲ್ಲಿ ಹೊರಬಿತ್ತು. ರೆಫರಿಗಳ ಬಗ್ಗೆ ವರದಿ ಬರೆಸಿಕೊಳ್ಳಲು ಕೊಟ್ಟದ್ದು ಎನ್ನುತ್ತದೆ ಕ್ಲಬ್. ಒಂದು ಮ್ಯಾಚನ್ನಾದರೂ ಖರೀದಿಸಿದ್ದು ಸಾಬೀತಾಗಿಲ್ಲ. ಆದರೆ ಪರೀಕ್ಷೆ ಬರೆಯುವವನು ಪೇಪರ್ ತಿದ್ದುವವರ ಸಾಹೇಬರಿಗೆ ತಿಂಗಳು ತಿಂಗಳು ದುಡ್ಡು ಕಳಿಸಿದರೆ ನಾನಂತೂ ಸಂಶಯ ಪಡುತ್ತೇನೆ.

ಛೆಟ್ರಿಯ ಆ ಫ್ರೀಕಿಕ್?

ಇಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಸುತ್ತ ಯಾರು ಕೂತಿದ್ದಾರೆ ನೋಡಬೇಕು. ನಮ್ಮಲ್ಲಿ ಅರ್ಧ ಜನ ಬೆಂಗಳೂರು ಎಫ್‌ಸಿ, ಕಾಸರಗೋಡು ಕಡೆಯ ಗೆಳೆಯರೆಲ್ಲ ಕೇರಳ ಬ್ಲಾಸ್ಟರ್ಸ್.

2023ರ ಮಾರ್ಚ್ 3, ಕಂಠೀರವ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಇನ್ನೂ ಆಟಗಾರರ ಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೋಚ್ ಇವಾನ್ ವುಕೊಮನೋವಿಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು. ಮ್ಯಾಚ್ ಬೆಂಗಳೂರಿಗೆ. ಬ್ಲಾಸ್ಟರ್ಸ್‌ಗೆ 4 ಕೋಟಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ. ನಿಯಮದ ಪ್ರಕಾರ ಫ್ರೀಕಿಕ್‌ಗೆ ವಿಸಿಲ್‌ಗಾಗಿ ಕಾಯಬೇಕಾಗಿಲ್ಲ, ಬೇಗ ಹೊಡೆಯಬಹುದು. ಆದರೆ ರೆಫರಿ ದೂರ ಅಳೆದು ಗೋಡೆ ನಿಲ್ಲಿಸಲು ಶುರು ಮಾಡಿದರೆ ವಿಸಿಲ್ ತನಕ ಕಾಯಬೇಕು. ರೆಫರಿ ಅದನ್ನು ಶುರು ಮಾಡಿದ್ದರಾ ಇಲ್ಲವಾ, ಇಷ್ಟೇ ಜಗಳ. ಇದು ವಾದ ಮಾಡಬಹುದಾದ ತೀರ್ಪು, ಮೋಸದ ವಾಸನೆ ನನಗೆ ಬರಲಿಲ್ಲ. ಆಗ ಐಎಸ್‌ಎಲ್‌ನಲ್ಲಿ ವಿಎಆರ್ ಕೂಡ ಇರಲಿಲ್ಲ.

ಫಿಕ್ಸ್ ಮಾಡುವವರು ಯಾವ ಮ್ಯಾಚ್ ಆರಿಸಿಕೊಳ್ಳುತ್ತಾರೆ?

ಯಾರೂ ನೋಡದ್ದನ್ನು. ಚಾಂಪಿಯನ್ಸ್ ಲೀಗ್ ಫೈನಲ್ ರೆಫರಿಗೆ ದುಡ್ಡೂ ಇದೆ, ಹೆಸರೂ ಇದೆ, ನೂರು ಕ್ಯಾಮೆರಾ ಮೈಮೇಲೆ. ಕಷ್ಟ. ಸಂಬಳ ಮೂರು ತಿಂಗಳಿಂದ ಬಾರದ ಸಣ್ಣ ಲೀಗಿನ ಆಟಗಾರ, ಖಾಲಿ ಸ್ಟೇಡಿಯಂನ ಸೌಹಾರ್ದ ಪಂದ್ಯ, ಅಲ್ಲಿ ಸುಲಭ. ಬೆಟ್ ಮಾತ್ರ ಪ್ರಪಂಚದ ಯಾವ ಮೂಲೆಯಿಂದಲೂ ಕಟ್ಟಬಹುದು. ಕೋರಿಕಟ್ಟದಲ್ಲಿ (ಕೋಳಿ ಅಂಕದಲ್ಲಿ) ಕೋಳಿ ನೋಡಲು ಕಟ್ಟೆಗಾದರೂ ಹೋಗಬೇಕು, ಇದಕ್ಕೆ ಅದೂ ಬೇಡ.

2011ರ ಫೆಬ್ರವರಿ, ಟರ್ಕಿಯ ಅಂಟಾಲ್ಯ. ಒಂದೇ ದಿನ ಎರಡು ಸೌಹಾರ್ದ ಪಂದ್ಯ. ಲಾಟ್ವಿಯಾ 2, ಬೊಲಿವಿಯಾ 1. ಎಸ್ಟೋನಿಯಾ 2, ಬಲ್ಗೇರಿಯಾ 2. ಒಟ್ಟು ಏಳು ಗೋಲು, ಏಳೂ ಪೆನಾಲ್ಟಿ! ಅಲ್ಲಿ ಯಾರು ಗೆದ್ದರು ಎಂಬುದು ಮುಖ್ಯವೇ ಅಲ್ಲ, ಒಟ್ಟು ಇಷ್ಟು ಗೋಲಿಗಿಂತ ಜಾಸ್ತಿ ಆಗುತ್ತದೆ ಎಂಬ ಬೆಟ್ ಗೆದ್ದರೆ ಸಾಕು. ಅದರ ಹಿಂದಿನ ವರ್ಷ ಬಹ್ರೇನ್‌ಗೆ ಟೋಗೊ ರಾಷ್ಟ್ರೀಯ ತಂಡ ಎಂದು ಹೇಳಿಕೊಂಡು ಬಂದು 3-0ರಲ್ಲಿ ಸೋತು ಹೋದದ್ದು ಟೋಗೊ ತಂಡವೇ ಅಲ್ಲ, ಯಾರೋ ಬೇರೆಯವರು. ಇಂಥ ದಂಧೆಯ ದೊಡ್ಡ ಹೆಸರು ಸಿಂಗಾಪುರದ ವಿಲ್ಸನ್ ರಾಜ್ ಪೆರುಮಾಳ್, 2011ರಲ್ಲಿ ಫಿನ್ಲೆಂಡ್‌ನಲ್ಲಿ ಸಿಕ್ಕಿಬಿದ್ದ.

ಕೆಲವೊಮ್ಮೆ ಮ್ಯಾಚೇ ಬೇಡ, ಮ್ಯಾಚಿನ ಒಂದು ಚೂರು ಸಾಕು. ಸೌತಾಂಪ್ಟನ್‌ನ ಮ್ಯಾಟ್ ಲೆ ಟಿಸಿಯರ್ 1995ರಲ್ಲಿ ಮೊದಲ ಥ್ರೋ-ಇನ್ ಎಷ್ಟು ಬೇಗ ಆಗುತ್ತದೆ ಎಂಬ ಬೆಟ್‌ಗಾಗಿ ಶುರುವಿನಲ್ಲೇ ಚೆಂಡನ್ನು ಹೊರಗೆ ಒದ್ದ. ಒದ್ದದ್ದು ಮೆಲ್ಲಗಾಯಿತು, ವಿಷಯ ಗೊತ್ತಿಲ್ಲದ ಜೊತೆಗಾರ ಕಷ್ಟಪಟ್ಟು ಓಡಿ ಚೆಂಡನ್ನು ಒಳಗೇ ಉಳಿಸಿದ! ಲೆ ಟಿಸಿಯರ್ ಆಮೇಲೆ ಹುಚ್ಚನ ಹಾಗೆ ಓಡಾಡಿ ಹೇಗೋ ಚೆಂಡು ಹೊರಗೆ ಹಾಕಿದನಂತೆ. ವರ್ಷಗಳ ಮೇಲೆ ತಾನೇ ಹೇಳಿಕೊಂಡ.

ಆಟಗಾರ ತನ್ನ ತಂಡ ಗೆಲ್ಲುತ್ತದೆ ಅಂತ ಬೆಟ್ ಕಟ್ಟಿದರೆ ಏನು ತಪ್ಪು?

ಕಟ್ಟದ ದಿನ ಏನರ್ಥ? ಅಷ್ಟೇ. ಇಂಗ್ಲೆಂಡಿನ ಐವನ್ ಟೋನಿಗೆ 2023ರಲ್ಲಿ ಎಂಟು ತಿಂಗಳು, ಇಟಲಿಯ ತೊನಾಲಿಗೆ ಅದೇ ವರ್ಷ ಹತ್ತು ತಿಂಗಳು ನಿಷೇಧ. ರೆಫರಿಗಳ ಕತೆ ಇನ್ನೂ ಕೆಟ್ಟದು. ಟರ್ಕಿಯ ಫೆಡರೇಷನ್ 2025ರ ಅಕ್ಟೋಬರ್‌ನಲ್ಲಿ ಲೆಕ್ಕ ತೆಗೆದಾಗ 571 ರೆಫರಿಗಳಲ್ಲಿ 371 ಜನರ ಹೆಸರಲ್ಲಿ ಬೆಟ್ಟಿಂಗ್ ಖಾತೆ ಇತ್ತು. ಒಬ್ಬನೇ 18,227 ಸಲ ಬೆಟ್ ಕಟ್ಟಿದ್ದ. ಅವನು ವಿಸಿಲ್ ಊದಲು ಯಾವಾಗ ಬಿಡುವು ಮಾಡಿಕೊಂಡನೋ.

ಭಾರತದಲ್ಲಿ?

ಇದೆ. 2022ರ ನವೆಂಬರ್‌ನಲ್ಲಿ ಸಿಬಿಐ ಭಾರತದ ಕ್ಲಬ್‌ಗಳ ಬಗ್ಗೆ ಪ್ರಾಥಮಿಕ ತನಿಖೆ ಶುರು ಮಾಡಿತು, ಅದರಲ್ಲೂ ಮೇಲೆ ಹೇಳಿದ ಪೆರುಮಾಳ್ ಹೆಸರು ಬಂತು. 2024ರಲ್ಲಿ ದೆಹಲಿ ಲೀಗಿನ ಒಂದು ಮ್ಯಾಚಿನಲ್ಲಿ ಆಟಗಾರರು ತಮ್ಮದೇ ಗೋಲಿಗೆ ಚೆಂಡು ಹಾಕುವ ವಿಡಿಯೊ ಎಲ್ಲರ ಮೊಬೈಲಲ್ಲೂ ಓಡಾಡಿತು.

ಕಾನೂನು ಮಾತ್ರ ಸೊರಗಿದೆ. ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕ್ರಿಕೆಟ್ ಕೇಸಿನಲ್ಲಿ 2022ರ ಜನವರಿಯಲ್ಲಿ ನಮ್ಮ ಹೈಕೋರ್ಟೇ ಹೇಳಿತು, ಮ್ಯಾಚ್ ಫಿಕ್ಸಿಂಗ್ ಶಿಸ್ತಿನ ಉಲ್ಲಂಘನೆ ಇರಬಹುದು, ಆದರೆ ಐಪಿಸಿ 420ರ ವಂಚನೆ ಆಗುವುದಿಲ್ಲ, ಯಾಕೆಂದರೆ ಟಿಕೆಟ್ ತೆಗೆದುಕೊಂಡವರು ತಾವಾಗಿಯೇ ತೆಗೆದುಕೊಂಡದ್ದು ಅಂತ. ಹಾಗಾಗಿ ಶಿಕ್ಷೆ ಬಹುಪಾಲು ಕ್ರೀಡಾ ಸಂಸ್ಥೆಯ ಕೈಯಲ್ಲೇ ಉಳಿಯುತ್ತದೆ.

ತಪ್ಪು ತೀರ್ಪಾದರೆ ಮ್ಯಾಚ್ ಮತ್ತೆ ಆಡಿಸಬಹುದಾ?

ಕಣ್ಣು ತಪ್ಪಿದ್ದಕ್ಕೆ ಇಲ್ಲ. ನಿಯಮವನ್ನೇ ತಪ್ಪಾಗಿ ಹಾಕಿದರೆ ಆಗಬಹುದು. 2005ರ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಉಜ್ಬೇಕಿಸ್ತಾನ ಬಹ್ರೇನ್ ಮೇಲೆ ಪೆನಾಲ್ಟಿ ಗೋಲು ಹೊಡೆದಾಗ ಅವರದೇ ಆಟಗಾರ ಮೊದಲೇ ಬಾಕ್ಸ್ ಒಳಗೆ ನುಗ್ಗಿದ್ದ. ಪೆನಾಲ್ಟಿ ಮತ್ತೆ ಹೊಡೆಸಬೇಕಿತ್ತು, ಜಪಾನಿನ ರೆಫರಿ ಬಹ್ರೇನ್‌ಗೆ ಫ್ರೀಕಿಕ್ ಕೊಟ್ಟರು. 1-0ರಲ್ಲಿ ಗೆದ್ದ ಉಜ್ಬೇಕಿಸ್ತಾನವೇ ದೂರು ಕೊಟ್ಟಿತು, 3-0 ಮಾಡಿ ಕೊಡಿ ಅಂತ! ಫಿಫಾ ಮರು ಆಟ ಆಡಿಸಿತು, 1-1 ಆಯಿತು, ಕೊನೆಗೆ ಬಹ್ರೇನ್ ಮುಂದೆ ಹೋಯಿತು. ಅತಿ ಆಸೆ.

ಮೋಸ ಸಾಬೀತಾದರೂ ಮರು ಆಟ ಸಿಗುತ್ತದೆ. 2016ರಲ್ಲಿ ದಕ್ಷಿಣ ಆಫ್ರಿಕಾ-ಸೆನೆಗಲ್ ಮ್ಯಾಚಿನಲ್ಲಿ ಘಾನಾದ ರೆಫರಿ ಜೋಸೆಫ್ ಲ್ಯಾಂಪ್ಟೆ ಮೊಣಕಾಲಿಗೆ ಬಡಿದ ಚೆಂಡಿಗೆ ಹ್ಯಾಂಡ್‌ಬಾಲ್ ಅಂತ ಪೆನಾಲ್ಟಿ ಕೊಟ್ಟ. ಬೆಟ್ಟಿಂಗ್ ದರಗಳೂ ಅನುಮಾನ ಹುಟ್ಟಿಸುವಂತೆ ಓಡಾಡಿದ್ದವು. ಆಜೀವ ನಿಷೇಧ, ಮರು ಆಟದಲ್ಲಿ ಸೆನೆಗಲ್ 2-0.

ನಮ್ಮೂರ ಟೂರ್ನಮೆಂಟಲ್ಲಿ ಸಂಶಯ ಬಂದರೆ ಏನು ಮಾಡುವುದು?

ಮೊದಲು ಮೈದಾನಕ್ಕೆ ನುಗ್ಗಬೇಡಿ. 2023ರಲ್ಲಿ ಟರ್ಕಿಯ ಅಂಕಾರಗುಚು ಕ್ಲಬ್ಬಿನ ಅಧ್ಯಕ್ಷರೇ ನುಗ್ಗಿ ರೆಫರಿ ಮುಖಕ್ಕೆ ಗುದ್ದಿದರು, ದೇಶದ ಲೀಗೇ ನಿಂತುಹೋಯಿತು, ಅಧ್ಯಕ್ಷರು ಪೊಲೀಸ್ ವಶಕ್ಕೆ.

ಕ್ಯಾಪ್ಟನ್ ಕೈಯಲ್ಲಿ ಬರವಣಿಗೆಯಲ್ಲಿ ದೂರು ಕೊಡಿಸಿ, ಅವತ್ತೇ. ನಿಮಿಷ, ಸ್ಕೋರು, ಏನಾಯಿತು ಅಷ್ಟು ಮಾತ್ರ ಬರೆಯಿರಿ, "ದುಡ್ಡು ತಿಂದಿದ್ದಾನೆ" ಅಂತ ಬರೆಯಬೇಡಿ. ವಿಡಿಯೊ ಇದ್ದರೆ ತುಂಡು ಮಾಡದೆ ಇಡಿ. ಯಾರಾದರೂ ನಿಮ್ಮ ಹುಡುಗರಿಗೆ ಮೊದಲೇ ಫೋನ್ ಮಾಡಿದ್ದರೆ ಆ ನಂಬರ್ ಅಳಿಸಬೇಡಿ, ಸ್ಲೋ ಮೋಷನ್‌ಗಿಂತ ಅದು ಹತ್ತು ಪಟ್ಟು ಕೆಲಸಕ್ಕೆ ಬರುತ್ತದೆ. ಮತ್ತೆ ಟೂರ್ನಮೆಂಟ್ ನಡೆಸುವವರೇ ಇದನ್ನು ಓದುತ್ತಿದ್ದರೆ, ರೆಫರಿಯನ್ನು ಬೇರೆ ಊರಿನಿಂದ ಕರೆಸಿ, ದುಡ್ಡು ಮ್ಯಾಚಿಗೆ ಮೊದಲೇ ಕೊಟ್ಟುಬಿಡಿ. ಬಿರಿಯಾನಿ ಆಮೇಲೆ ಕೊಟ್ಟರೂ ನಡೆಯುತ್ತದೆ.